ಅತ್ತಿಗೆಯ ಹೆಬ್ಬೆರಳು

ನಮ್ಮ ಅತ್ತಿಗೆಯನ್ನು ಕಳ್ಳಿ ಎಂದು ಕರೆದವನು ಒಬ್ಬನೇ ಒಬ್ಬ. ಅದನ್ನು ಅವನು ತುಂಬಿದ ಮಂದಿಯ ನಡುವೆ, ಎದ್ದು ನಿಂತು, ಬೆರಳು ಮಾಡಿ ತೋರಿಸಿ ಹೇಳಿದ. ಆಮೇಲೆ ಆ ಮಾತಿಗೆ ಕೈ ಬಂತು, ಕಾಲು ಬಂತು, ಬೀದಿ ಬೀದಿ ತಿರುಗಿತು. "ನಿಮ್ಮನೆಯವರು ಇಸ್ಪೀಟಲ್ಲಿ ಸಿಕ್ಕಿಬಿದ್ರಂತೆ ಹೌದಾ?" ಎಂದು ಟೀ ಅಂಗಡಿಯವನೂ ಕೇಳಿದ. ಲೋಟ ಕುಕ್ಕಿ ಎದ್ದು ಬಂದೆ. ಅಲ್ಲೇ ನಿಂತು ಉತ್ತರ ಕೊಟ್ಟಿದ್ದರೆ ಅವನ ಗಾಜಿನ ಬರಣಿಗಳು ಉಳಿಯುತ್ತಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ.

ಮೊದಲು ಒಂದು ಮಾತು. ಅದು ಇಸ್ಪೀಟಲ್ಲ, ಜೂಜೂ ಅಲ್ಲ. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಕಟ್ಟಿನಿಂದ ಎಲೆ ಹಂಚುತ್ತಾರೆ. ಈ ಆಟದಲ್ಲಿ ಪ್ರತಿಯೊಬ್ಬರೂ ತಮ್ಮ ಕಟ್ಟನ್ನು ತಾವೇ ಜೋಡಿಸಿಕೊಂಡು ಮನೆಯಿಂದ ತರುತ್ತಾರೆ. ಅಂಗಡಿಯಲ್ಲಿ ಸಾವಿರ ಬಗೆಯ ಕಾರ್ಡುಗಳಿರುತ್ತವೆ. ಒಂದರ ಮೇಲೆ ಸೈನಿಕ, ಒಂದರ ಮೇಲೆ ಬೆಂಕಿ ಉಗುಳುವ ಹಕ್ಕಿ, ಒಂದರ ಮೇಲೆ ಗೋಡೆ, ಒಂದರ ಮೇಲೆ ಬಾವಿ. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎನ್ನುವುದರಲ್ಲೇ ಅರ್ಧ ಆಟ ಮುಗಿದಿರುತ್ತದೆ. ಇಬ್ಬರು ಎದುರುಬದುರು ಕೂತು, ಸರದಿಗೊಂದು ಕಾರ್ಡು ಎತ್ತಿಕೊಂಡು, ಒಬ್ಬರ ಮೇಲೊಬ್ಬರು ಸೈನ್ಯ ಬಿಡುತ್ತಾರೆ. ಇಬ್ಬರಿಗೂ ಇಷ್ಟಿಷ್ಟು ಪ್ರಾಣ ಎಂದು ಲೆಕ್ಕ ಇರುತ್ತದೆ, ಯಾರದು ಮೊದಲು ಸೊನ್ನೆಗೆ ಇಳಿಯುತ್ತದೋ ಅವರು ಸೋತರು. ಇಷ್ಟೇ. ಇಷ್ಟನ್ನು ತಿಳಿದುಕೊಳ್ಳದೆ ಇಸ್ಪೀಟು, ಇಸ್ಪೀಟು ಎಂದು ಬಾಯಿ ಬಡಿದುಕೊಳ್ಳುವವರಿಗೆ ನಾನೇನೂ ಮಾಡಲಾರೆ.

ನಮ್ಮದು ಕುರ್ಚಿ, ಸೋಫಾಗಳಿಗೆ ಹೊದಿಕೆ ಹೊಲಿಯುವ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಗೋಡೆಗೆ ಒರಗಿಸಿದ ರೆಕ್ಸಿನ್ ಸುರುಳಿಗಳು, ಮಾಡಿನವರೆಗೆ ಪೇರಿಸಿದ ಸ್ಪಂಜು, ಎಲ್ಲದಕ್ಕೂ ಅಂಟಿನ ವಾಸನೆ. ಮರದ ಚೌಕಟ್ಟು, ಮುರಿದ ಕಾಲು ನನ್ನ ಪಾಲಿನ ಕೆಲಸ. ಸ್ಪಂಜು ಕತ್ತರಿಸುವುದು ಅಣ್ಣನದು. ಚೌಕಟ್ಟಿಗೆ ಪಟ್ಟಿ ಬಿಗಿಯುವುದರಿಂದ ಹಿಡಿದು ಕೊನೆಯ ಗುಂಡಿ ಕೂರಿಸುವವರೆಗೆ ಉಳಿದದ್ದೆಲ್ಲ ಅತ್ತಿಗೆ.

ಅತ್ತಿಗೆ ಈ ಮನೆಗೆ ಬಂದಾಗ ಸೂಜಿ ಕೆಲಸ ಬಲ್ಲವರಾಗಿದ್ದರು. ಸುತ್ತಿಗೆಯನ್ನು ಮುಟ್ಟಲು ನಮ್ಮಪ್ಪ ಬಿಡುತ್ತಿರಲಿಲ್ಲ. "ಹೆಂಗಸರು ಸೂಜಿ ಹಿಡೀಲಿ, ಸಾಕು. ಮೊಳೆ ಹೊಡೆಯೋಕೆ ನಾವಿದ್ದೀವಿ" ಎನ್ನುತ್ತಿದ್ದರು. ಒಮ್ಮೆ ಅಣ್ಣ ಬೆನ್ನು ಹಿಡಿದು ಮಲಗಿದ. ನಾನು ಯಾರದೋ ಮನೆಯ ಮಂಚ ಸರಿಮಾಡಲು ಹೋಗಿದ್ದೆ. ಕ್ಷೌರದಂಗಡಿಯವನ ಕುರ್ಚಿ ಅವತ್ತೇ ಹೋಗಬೇಕಿತ್ತು. ಅತ್ತಿಗೆ ಯಾರನ್ನೂ ಕೇಳಲಿಲ್ಲ. ತುಟಿಯ ನಡುವೆ ಮೊಳೆ ಕಚ್ಚಿಕೊಂಡು ಸುತ್ತಿಗೆ ಎತ್ತಿಕೊಂಡರು. ಒಂದು ಕಡೆ ನೆಟ್ಟಗೆ ಬಂತು. ಎರಡನೇ ಕಡೆ ಸುತ್ತಿಗೆ ಎಡಗೈ ಹೆಬ್ಬೆರಳಿನ ಮೇಲೆ ಕೂತಿತು. ಅಪ್ಪ ಓಡಿ ಬಂದರು.

"ಬೇಡ ಅಂತ ಹೇಳ್ಲಿಲ್ವಾ ನಾನು?"

ಅತ್ತಿಗೆ ಹೆಬ್ಬೆರಳಿಗೆ ಬಟ್ಟೆಯ ಚೂರು ಸುತ್ತುತ್ತಾ, "ಹೇಳಿದ್ರಿ ಮಾವ. ಇನ್ನೊಂದು ಕಡೆ ಬಾಕಿ ಇದೆ, ಸ್ವಲ್ಪ ಜರುಗಿ" ಎಂದರಂತೆ.

ಕುರ್ಚಿ ಅವತ್ತೇ ಹೋಯಿತು. ಉಗುರು ಉದುರಿತು. ಮತ್ತೆ ಬಂದ ಉಗುರು ದಪ್ಪಗೆ, ಹಳದಿಯಾಗಿ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿಕೊಂಡು ಬಂತು. ಆ ಬೆರಳಿನ ತುದಿಗೆ ಮುಟ್ಟಿದ್ದು ತಿಳಿಯುವುದಿಲ್ಲ. ಬಿಸಿ ಲೋಟವನ್ನೂ ಅದರಲ್ಲೇ ಹಿಡಿಯುತ್ತಾರೆ. ಆದರೆ ಕೆಲಸಕ್ಕೆ ಅದರಂಥ ಬೆರಳಿಲ್ಲ. ರೆಕ್ಸಿನ್ನನ್ನು ಎಳೆದು, ಅಂಚನ್ನು ಮರದ ಮೇಲೆ ಒತ್ತಿ, ಮೊಳೆ ಕೂರುವ ತನಕ ಅಲುಗಾಡದಂತೆ ಹಿಡಿಯಬೇಕು. ಸಡಿಲ ಬಿಟ್ಟರೆ ಸುಕ್ಕು. ಅತ್ತಿಗೆಯ ಹೆಬ್ಬೆರಳು ಒಮ್ಮೆ ಒತ್ತಿ ಕೂತಿತೆಂದರೆ ಮೊಳೆ ಬೀಳದೆ ಎದ್ದೇಳುವುದಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಟದ ಹುಚ್ಚು ಹಿಡಿದದ್ದು ಒಂದು ಬೆಂಚಿನಿಂದ. ದೊಡ್ಡ ರಸ್ತೆಯ ತಿರುವಿನಲ್ಲಿ ಕಾರ್ಡಿನ ಅಂಗಡಿ ತೆರೆದವನನ್ನು ನಾವು ಕನ್ನಡಕ ಎಂದೇ ಕರೆಯುವುದು. ಮೂಗಿನ ಮೇಲೊಂದು, ತಲೆಯ ಮೇಲೊಂದು, ಎರಡೆರಡು ಇಟ್ಟುಕೊಂಡು ಮೂರನೆಯದನ್ನು ಹುಡುಕುವ ಗಿರಾಕಿ. ಅವನ ಅಂಗಡಿಯ ಹಿಂದಿನ ಹಾಲಿನಲ್ಲಿ ಆಡುವವರಿಗೆ ಗೋಡೆಯುದ್ದಕ್ಕೂ ಬೆಂಚು ಬೇಕಿತ್ತು. ಬೆಂಚು ನಾನು ಮಾಡಿದೆ, ಹೊದಿಕೆ ಕೂರಿಸಲು ಅತ್ತಿಗೆ ಅಲ್ಲಿಗೇ ಹೋದರು. ಅವರು ಮೊಳೆ ಹೊಡೆಯುತ್ತಿದ್ದರೆ ಪಕ್ಕದ ಮೇಜುಗಳಲ್ಲಿ ಆಟ ನಡೆಯುತ್ತಿತ್ತು. ಕೆಲಸ ಮುಗಿದರೂ ಅತ್ತಿಗೆ ಏಳಲಿಲ್ಲ. ತಾವೇ ಹೊಲಿದ ಬೆಂಚಿನ ಮೇಲೆ ಕೂತು ನೋಡುತ್ತಲೇ ಇದ್ದರು. ಕೊನೆಗೆ ಒಬ್ಬ ಆಟಗಾರನಿಗೆ, "ಆ ಗೋಡೆ ಇನ್ನೊಂದು ಸರದಿ ಇಟ್ಕೊಂಡಿದ್ರೆ ಉಳೀತಿದ್ರಲ್ಲ" ಎಂದರಂತೆ.

"ನೀವೇ ಆಡಿ ನೋಡಿ ಆಂಟಿ" ಎಂದು ಅವನು ಉರಿದುಕೊಂಡ.

"ಆಡ್ತೀನಿ" ಎಂದರು ಅತ್ತಿಗೆ. ಕನ್ನಡಕ ನಗುತ್ತಾ ಒಂದು ತಯಾರಾದ ಕಟ್ಟು ಕೈಗಿತ್ತ. ಅತ್ತಿಗೆ ಹೀನಾಯವಾಗಿ ಸೋತರು. ಸೋತು ಮನೆಗೆ ಬಂದವರ ಮುಖ ನೋಡಿ ಅಣ್ಣ, "ಯಾರ ಜೊತೆ ಜಗಳ?" ಎಂದು ಕೇಳಿದ. "ಜಗಳ ಅಲ್ಲ ರೀ, ಸಾಲ್ತಾ ಇಲ್ಲ. ನಾಳೆ ಮತ್ತೆ ಹೋಗ್ಬೇಕು" ಎಂದರು.

ಮಧ್ಯಾಹ್ನದ ಊಟವಾದ ಮೇಲೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾರ್ಡು ಹರಡಿಕೊಂಡು ಕೂರುವುದು ಅಲ್ಲಿಂದ ಶುರುವಾಯಿತು. ಎದುರಿಗೆ ಕೂರುವ ಬಲಿ ನಾನು. ಆಗ ಆಡುತ್ತಿದ್ದವರೆಲ್ಲ ವೇಗದ ಕಟ್ಟಿನವರು. ಸಣ್ಣ ಸಣ್ಣ ಸೈನಿಕರನ್ನು ದಡದಡ ಇಳಿಸಿ, ಎದುರಿನವನು ಕಣ್ಣು ಬಿಡುವುದರೊಳಗೆ ಮುಗಿಸುವುದು. ಅತ್ತಿಗೆ ಅದನ್ನೂ ಕಟ್ಟಿ ನೋಡಿದರು, ಒಗ್ಗಲಿಲ್ಲ. "ಇದು ಸ್ಪ್ರಿಂಗ್ ಇಲ್ದೆ ಬರೀ ಸ್ಪಂಜು ತುಂಬಿದ ಸೋಫಾ ಇದ್ದಂಗೆ. ಕೂತ ತಕ್ಷಣ ಮೆತ್ತಗೆ, ಎರಡು ತಿಂಗಳಿಗೆ ಹಲಗೆ ಚುಚ್ಚುತ್ತೆ" ಎಂದು ಬಿಚ್ಚಿ ಹಾಕಿದರು. ಅವರು ಕಟ್ಟಿದ್ದು ಕಾಯುವ ಕಟ್ಟು. ಕೆಳಗೆ ಗೋಡೆಗಳು. ಅದರ ಮೇಲೆ ಸರದಿಗಿಷ್ಟು ಪ್ರಾಣ ಮರಳಿ ತುಂಬುವ ಬಾವಿಗಳು. ಎಲ್ಲದರ ಮೇಲೆ ಹೆಬ್ಬಾಗಿಲು.

ಹೆಬ್ಬಾಗಿಲು ಎನ್ನುವ ಕಾರ್ಡಿನ ಗುಣ ಹೇಳಿಬಿಡುತ್ತೇನೆ. ಅದನ್ನು ಕೈಯಲ್ಲಿ ಗುಟ್ಟಾಗಿ ಇಟ್ಟುಕೊಂಡಿರಬೇಕು. ಎದುರಿನವನು ಸೈನ್ಯ ನುಗ್ಗಿಸಿದಾಗ ಬಿಟ್ಟರೆ, ನುಗ್ಗಿದ್ದಷ್ಟೂ ತಿರುಗಿ ಅವನ ಮೇಲೇ ಬೀಳುತ್ತದೆ. ಒಬ್ಬ ಬಂದರೆ ಒಬ್ಬ, ಹಿಂಡು ಬಂದರೆ ಹಿಂಡು. ಆತುರದವರು ಅದನ್ನು ಒಬ್ಬ ಪೇದೆಗೆ ಖರ್ಚು ಮಾಡಿಬಿಡುತ್ತಾರೆ. ಅತ್ತಿಗೆ ಪ್ರಾಣ ಕುತ್ತಿಗೆಗೆ ಬಂದರೂ ಬಿಡುವುದಿಲ್ಲ.

"ಹಾಕಿ ಅತ್ತಿಗೆ, ಸಾಯ್ತೀರಿ!" ಎಂದು ಎದುರು ಕೂತ ನಾನೇ ಕಿರುಚುತ್ತಿದ್ದೆ.

"ನನ್ನ ಎದುರಾಳಿ ನೀನು ಮೈದುನರಾಯ, ನನ್ನ ವಕೀಲ ಅಲ್ಲ. ಕೂತ್ಕೋ."

ಒಂದು ವರ್ಷ ಸೋತರು. ಎರಡನೇ ವರ್ಷ ಸೋಲು ಗೆಲುವು ಸಮ. ಮೂರನೇ ವರ್ಷ ವಾರದ ಕೊನೆಯ ಪಂದ್ಯಗಳಲ್ಲಿ ಅವರ ಎದುರು ಕೂರಲು ಜನ ಮುಖ ಹುಳಿ ಮಾಡತೊಡಗಿದರು. ಬೀದಿಯವರಿಗೆ ಹಾಸ್ಯ. "ಈ ವಯಸ್ಸಲ್ಲಿ ಮಕ್ಕಳಾಟ" ಎಂದು ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿ ಹೇಳಿದಳು. "ಮಕ್ಕಳಾಟ ಆಗಿದ್ರೆ ಮಕ್ಕಳು ಗೆಲ್ತಿದ್ರು, ಬನ್ನಿ ಒಂದು ಸಲ" ಎಂದರು ಅತ್ತಿಗೆ. ಆಕೆ ಇಣುಕುವುದನ್ನೇ ಬಿಟ್ಟಳು.

ಇನ್ನು ಆ ದಿನದ ವಿಷಯ.

ಹಂಗಾಮಿನ ಕೊನೆಯ ಪಂದ್ಯ. ಗೆದ್ದವರಿಗೆ ದೊಡ್ಡ ನಗರದ ಪಂದ್ಯದಲ್ಲಿ ಆಡಲು ಒಂದು ಕುರ್ಚಿ. ಬೇರೆ ಊರುಗಳಿಂದಲೂ ಆಟಗಾರರು ಬಂದು ಕನ್ನಡಕನ ಹಾಲು ಗಿಜಿಗುಟ್ಟುತ್ತಿತ್ತು. ತೀರ್ಪು ಕೊಡಲು ಹೊರಗಿನಿಂದ ಒಬ್ಬ ಹೆಂಗಸು ಬಂದಿದ್ದರು. ಆಸ್ಪತ್ರೆಯಲ್ಲಿ ನರ್ಸಂತೆ, ರಜೆಯ ದಿನ ಈ ಕೆಲಸ. ಎಲ್ಲರೂ ಜಡ್ಜಮ್ಮ ಎನ್ನುತ್ತಿದ್ದರು. ನೋಡಲು ಬಂದವರನ್ನು ಹಗ್ಗದ ಆಚೆ ನಿಲ್ಲಿಸಿ ಅವರು ಮೊದಲೇ ಹೇಳಿದರು: "ನೋಡೋರು ಬಾಯಿ ಬಿಟ್ರೆ ಶಿಕ್ಷೆ ಆಡೋರಿಗೆ." ಅಣ್ಣ ಅದನ್ನು ಕೇಳಿದವನೇ ನನ್ನ ಮಣಿಕಟ್ಟು ಹಿಡಿದುಕೊಂಡ. ಸಂಜೆಯ ತನಕ ಬಿಡಲಿಲ್ಲ.

ಅತ್ತಿಗೆ ಕೊನೆಯ ನಾಲ್ವರಲ್ಲಿ ಉಳಿದರು. ಎದುರಿಗೆ ಪಟಾಕಿ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ, ಗಡ್ಡ ಕೆತ್ತಿಸಿಕೊಂಡ ಆಸಾಮಿ. ಮಾತೂ ಚಟಪಟ, ಆಟವೂ ಚಟಪಟ, ಅದಕ್ಕೇ ಆ ಹೆಸರು. ಮೂರರಲ್ಲಿ ಎರಡು ಆಟ ಗೆದ್ದವರು ಮುಂದಕ್ಕೆ. ಮೊದಲನೆಯದನ್ನು ಅತ್ತಿಗೆ ಗೆದ್ದರು. ಪಟಾಕಿ ಹಿಂಡುಗಟ್ಟಲೆ ನುಗ್ಗಿಸಿದ, ಹೆಬ್ಬಾಗಿಲು ಬಿತ್ತು, ಮುಗಿಯಿತು. ಅವನ ಕಿವಿ ಕೆಂಪಾಯಿತು.

ಪ್ರತಿ ಆಟಕ್ಕೆ ಮುಂಚೆ ಒಬ್ಬರ ಕಟ್ಟನ್ನು ಇನ್ನೊಬ್ಬರು ಕಲೆಸಿಕೊಡುವ ಪದ್ಧತಿ. ಪಟಾಕಿ ಅತ್ತಿಗೆಯ ಕಟ್ಟನ್ನು ಕಲೆಸುತ್ತಿದ್ದವನು ತಟ್ಟನೆ ನಿಂತ. ಒಂದು ಕಾರ್ಡನ್ನು ದೀಪಕ್ಕೆ ಓರೆಯಾಗಿ ಹಿಡಿದ. ಮತ್ತೊಂದನ್ನು ಹಿಡಿದ. ಆಮೇಲೆ ಎದ್ದು ನಿಂತ.

"ಜಡ್ಜ್! ಗುರುತು ಮಾಡಿದ ಕಾರ್ಡು! ಈಯಮ್ಮ ಕಳ್ಳಿ!"

ಹಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದರು. ನಾನು ಹಗ್ಗ ಹಾರುವವನಿದ್ದೆ. ಅಣ್ಣನ ಹಿಡಿತ ಬಿಗಿಯಾಯಿತು.

ಕಾರ್ಡು ಸವೆಯದಿರಲಿ ಎಂದು ಒಂದೊಂದಕ್ಕೂ ಪ್ಲಾಸ್ಟಿಕ್ ಕವರ್ ಹಾಕಿರುತ್ತಾರೆ. ಹಿಂಬದಿ ಎಲ್ಲವೂ ಒಂದೇ ಬಣ್ಣ, ಯಾವುದು ಯಾವ ಕಾರ್ಡೆಂದು ತಿಳಿಯಬಾರದು. ಜಡ್ಜಮ್ಮ ಅತ್ತಿಗೆಯ ಕಟ್ಟನ್ನು ಮೇಜಿನ ಮೇಲೆ ಹರಡಿ, ಗುರುತು ಇದ್ದವನ್ನು ಒಂದು ಕಡೆ, ಇಲ್ಲದವನ್ನು ಒಂದು ಕಡೆ ಇಟ್ಟರು. ಕೆಲವು ಕವರುಗಳ ಕೆಳಗಿನ ಅಂಚಿನಲ್ಲಿ ಸಣ್ಣ, ಬಾಗಿದ ತಗ್ಗು. ತಿರುಗಿಸಿ ನೋಡಿದರೆ ಕಟ್ಟಿನಲ್ಲಿದ್ದ ನಾಲ್ಕೂ ಹೆಬ್ಬಾಗಿಲು, ಜೊತೆಗೆ ಎರಡು ಬಾವಿ. ಬೇರೆ ಒಂದಕ್ಕೂ ಇಲ್ಲ.

"ನೋಡಿ, ನೋಡಿ! ಆರಿಸಿ ಆರಿಸಿ ಒಳ್ಳೆ ಕಾರ್ಡಿಗೇ ಹಾಕಿದ್ದಾರೆ. ಮುಂದೆ ಬರೋದು ಯಾವುದು ಅಂತ ಮೇಲಿಂದಲೇ ಗೊತ್ತಾಗುತ್ತೆ!" ಪಟಾಕಿ ಸುತ್ತಲಿದ್ದವರಿಗೆಲ್ಲ ತೋರಿಸಿದ.

ಅತ್ತಿಗೆ ಒಂದು ಹೆಬ್ಬಾಗಿಲನ್ನು ಎತ್ತಿಕೊಂಡರು. ಅವರಿಗೂ ಅದು ಹೊಸದು. ಬಹಳ ಹೊತ್ತು ನೋಡಿದರು. ಆಟದಲ್ಲಿ ಹಿಡಿಯುವಂತೆ ಎಡಗೈಯಲ್ಲಿ ಹಿಡಿದರು. ಆಮೇಲೆ ಕಾರ್ಡನ್ನು ಜಡ್ಜಮ್ಮನ ಕಡೆ ಚಾಚಿದರು. ಕೊಕ್ಕೆಯುಗುರು ಆ ತಗ್ಗಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು.

"ಉಗುರು ನಂದೇ" ಎಂದರು.

ಗುಸುಗುಸು ಎದ್ದಿತು. ಕನ್ನಡಕ ಓಡಿ ಬಂದು ಅತ್ತಿಗೆಯ ಕಿವಿಯ ಹತ್ತಿರ ಬಗ್ಗಿದ. ಅವನಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ನಮಗೆಲ್ಲ ಕೇಳಿಸಿತು. "ಅಮ್ಮಾ, ಮೈ ಹುಷಾರಿಲ್ಲ, ಆಡಲ್ಲ ಅಂತ ಹೇಳಿ ಎದ್ದುಬಿಡಿ. ಇಲ್ಲಿಗೇ ಮುಗಿಯುತ್ತೆ. ಬೇಕಂತ ಮಾಡಿದ್ದು ಅಂತ ತೀರ್ಪಾದ್ರೆ ಒಂದು ವರ್ಷ ಯಾವ ಅಂಗಡೀಲೂ ಕೂರಿಸಲ್ಲ. ನನ್ನ ಮಾತು ಕೇಳಿ."

"ಎದ್ರೆ ಕಳ್ಳಿ ಎದ್ದು ಹೋದ್ಲು ಅಂತಾರೆ. ಉಗುರು ನಂದು ಅಂದೆ ಕಣಪ್ಪ, ಕಳ್ಳತನ ನಂದು ಅಂದ್ನಾ?"

ಆಮೇಲೆ ಜಡ್ಜಮ್ಮನ ಕಡೆ ತಿರುಗಿದರು. "ನೋಡಿ, ನಾನು ಕಾಯೋಳು. ಹೆಬ್ಬಾಗಿಲು ಬಂದ್ರೆ, ಒಮ್ಮೊಮ್ಮೆ ಬಾವಿ ಬಂದ್ರೂ, ಹೊತ್ತು ಬರೋ ತನಕ ಕೈಯಲ್ಲೇ ಇಟ್ಕೊಂಡಿರ್ತೀನಿ. ಇಟ್ಕೊಂಡದ್ದನ್ನ ಹೆಬ್ಬೆರಳಲ್ಲಿ ಒತ್ತಿ ಹಿಡಿಯೋದು ನನ್ನ ಕಸುಬಿಂದ ಬಂದಿದ್ದು. ಎಷ್ಟು ಒತ್ತೀನಿ ಅಂತ ಆ ಬೆರಳಿಗೆ ತಿಳಿಯಲ್ಲ. ಗೋಡೆ, ಸೈನಿಕ ಎಲ್ಲ ಬಂದ ಹಾಗೇ ಮೇಜಿಗೆ ಹೋಗುತ್ತೆ, ಅದಕ್ಕೆ ಗುರುತಿಲ್ಲ."

"ಕವರ್ ಎಷ್ಟು ಹಳೇದು?"

"ಈ ಹಂಗಾಮು ಪೂರ್ತಿ ಇದೇ."

"ಯಾಕೆ ಬದಲಾಯಿಸ್ಲಿಲ್ಲ?"

"ಹರಿದಿಲ್ವಲ್ಲ!" ಎಂದರು ಅತ್ತಿಗೆ, ಇದೇನು ಪ್ರಶ್ನೆ ಎನ್ನುವಂತೆ.

ನನಗೆ ಆ ಗಲಾಟೆಯಲ್ಲೂ ನಗು ಬಂತು. ಹೊದಿಕೆ ಹೊಲಿಯುವ ಮನೆಯವರು ನಾವು. ಹೊದಿಕೆ ಹರಿದ ಮೇಲೆ ಬದಲಿಸುವುದು. ಬೇರೆ ಆಟಗಾರರು ಪಂದ್ಯಕ್ಕೊಂದು ಹೊಸ ಕವರ್ ಹಾಕುವುದನ್ನು ನೋಡಿ ಅತ್ತಿಗೆ, "ಹೊಸ ಸೋಫಾನೇ ಬಿಚ್ಚಿ ಮತ್ತೆ ಹೊಲಿಸೋ ಜನ ಇವ್ರು" ಎಂದು ಬೈಯುತ್ತಿದ್ದರು.

ಜಡ್ಜಮ್ಮ ಅತ್ತಿಗೆಯ ಹೆಬ್ಬೆರಳನ್ನು ಕೈಯಲ್ಲಿ ಹಿಡಿದು, ಅವರಿಗೆ ಮುಖ ಆಚೆ ತಿರುಗಿಸಲು ಹೇಳಿ, ಪೆನ್ನಿನ ಮೊನೆಯಿಂದ ತುದಿಯನ್ನು ಚುಚ್ಚಿದರು. "ಚುಚ್ಚಿದ್ದು ಗೊತ್ತಾಯ್ತಾ?" "ಯಾವಾಗ ಚುಚ್ತೀರಿ?" ಎಂದರು ಅತ್ತಿಗೆ. ಕೆಲವರು ನಕ್ಕರು.

ಜಡ್ಜಮ್ಮ ನಗಲಿಲ್ಲ. "ಬೇಕಂತ ಮಾಡಿರ್ಲಿ, ಬಿಡ್ಲಿ, ಗುರುತು ಬಿದ್ದ ಕಟ್ಟು ತಂದದ್ದಕ್ಕೆ ಎರಡನೇ ಆಟ ನೀವು ಸೋತ ಹಾಗೆ. ಅದರಲ್ಲಿ ಮಾತಿಲ್ಲ. ಬೆರಳಿನ ಕಥೆ ಮಾತ್ರ ಕೇಳಿ ನಂಬೋಕಾಗಲ್ಲ."

"ಕೇಳ್ಬೇಡಿ, ನೋಡಿ" ಎಂದರು ಅತ್ತಿಗೆ. "ಹೊಸ ಕವರ್ ತರಿಸಿ. ನೀವೇ ಹಾಕಿ. ಪಕ್ಕದಲ್ಲೇ ಕೂತ್ಕೊಳ್ಳಿ. ನಾನು ದಿನಾ ಹಿಡಿಯೋ ಹಾಗೇ ಹಿಡೀತೀನಿ. ಕಾದ ಕಾರ್ಡಿಗೆ ಮತ್ತೆ ಅದೇ ಗುರುತು ಬಿದ್ರೆ ಅದು ಬೆರಳಿನ ಕೆಲಸ. ಬೀಳ್ಲಿಲ್ಲ ಅಂದ್ರೆ ಒಂದು ವರ್ಷ ಯಾಕೆ, ಜನ್ಮಪೂರ್ತಿ ಹೊರಗೆ ಹಾಕಿ. ನಾನೇ ಬಾಗಿಲು ಹಾಕ್ಕೊಂಡು ಹೋಗ್ತೀನಿ."

ಜಡ್ಜಮ್ಮ ಒಪ್ಪಿ ತಲೆಯಾಡಿಸಿದರು. ಕನ್ನಡಕ ಕವರ್ ತರಲು ಓಡಿದ. ಓಡುವಾಗ ನಮ್ಮ ಹತ್ತಿರ ಬಂದು ಅಣ್ಣನಿಗೆ, "ಎಂಥ ಕೆಲಸ ಮಾಡ್ಕೊಂಡ್ರು ನೋಡಿ! ಇನ್ನು ಅವರ ಬೆರಳು ನೋಡಿದ್ರೆ ಸಾಕು, ಹೆಬ್ಬಾಗಿಲು ಬಂದಿದೆಯೋ ಇಲ್ವೋ ಅಂತ ಪಟಾಕಿಗೆ ತಿಳಿದುಹೋಗುತ್ತೆ" ಎಂದ.

ಹೌದಲ್ಲ! ಮೂರು ವರ್ಷ ಯಾರಿಗೂ ಗೊತ್ತಾಗದ ಗುಟ್ಟನ್ನು ಅತ್ತಿಗೆ ಈಗ ಬಾಯಾರೆ ಹೇಳಿಬಿಟ್ಟಿದ್ದರು. ಹೆಬ್ಬೆರಳು ಒತ್ತಿದರೆ ಕಾರ್ಡು ಬಯಲು, ಆಟ ಹೋಯಿತು. ಒತ್ತದಿದ್ದರೆ ಗುರುತು ಬೀಳುವುದಿಲ್ಲ, ಹೆಸರು ಹೋಯಿತು. ಗೆಲ್ಲಬೇಕೋ, ಕಳ್ಳಿಯಲ್ಲ ಎನಿಸಿಕೊಳ್ಳಬೇಕೋ. ಎರಡೂ ಒಟ್ಟಿಗೆ ಸಿಗುವ ದಾರಿ ನನಗಂತೂ ಕಾಣಲಿಲ್ಲ.

"ಅವಳಿಗೆ ಗೊತ್ತಿಲ್ದೆ ಹೇಳಿದ್ಲು ಅಂದ್ಕೊಂಡ್ರಾ?" ಎಂದ ಅಣ್ಣ. ಅವತ್ತು ಅವನು ಆಡಿದ ಮಾತು ಅದೊಂದೇ.

ಮೂರನೇ ಆಟ ಶುರುವಾಯಿತು. ಜಡ್ಜಮ್ಮ ಕುರ್ಚಿ ಎಳೆದುಕೊಂಡು ಅತ್ತಿಗೆಯ ಎಡಕ್ಕೆ ಕೂತರು. ಪಟಾಕಿ ಎಂದಿನಂತೆ ದಡದಡ ಇಳಿಸಿದ. ಅತ್ತಿಗೆಗೆ ಗೋಡೆಗಳು ತಡವಾಗಿ ಬಂದವು. ಪ್ರಾಣ ಅರ್ಧಕ್ಕೆ ಇಳಿಯಿತು, ಅರ್ಧದಲ್ಲಿ ಅರ್ಧವಾಯಿತು. ಹೆಬ್ಬೆರಳು ಇನ್ನೂ ಸುಮ್ಮನಿತ್ತು. ಪಟಾಕಿಯ ಕಣ್ಣು ಮೇಜಿನ ಮೇಲಿರಲಿಲ್ಲ, ಅದರ ಮೇಲೇ ಇತ್ತು.

ಆಮೇಲೆ ಅತ್ತಿಗೆ ಒಂದು ಕಾರ್ಡು ಎತ್ತಿದರು. ನೋಡಿದರು. ಕೈಯಲ್ಲಿದ್ದ ಕಾರ್ಡುಗಳ ಮುಂದೆ ಅದನ್ನು ಸೇರಿಸಿದರು. ಹೆಬ್ಬೆರಳು ಎದ್ದು ಅದರ ಮೇಲೆ ಕೂತಿತು. ಹಗ್ಗದ ಆಚೆಗಿದ್ದ ನಮಗೂ ಕಾಣುವಷ್ಟು ಬಿಗಿಯಾಗಿ ಒತ್ತಿತು.

ಪಟಾಕಿ ಸೈನ್ಯದ ಮೇಲಿಟ್ಟಿದ್ದ ಕೈ ಹಿಂದಕ್ಕೆ ತೆಗೆದುಕೊಂಡ. ಮೆಲ್ಲಗೆ ನಕ್ಕ. "ಬಂತಾ ಆಂಟಿ?"

"ಬಂದಿದೆ. ನುಗ್ಗು" ಎಂದರು ಅತ್ತಿಗೆ.

ಅವನು ಜಡ್ಜಮ್ಮನ ಮುಖ ನೋಡಿದ. ಹಾಗೆ ಹೇಳಬಾರದು ಎಂಬ ನಿಯಮವೇನೂ ಇಲ್ಲ. ಆದರೂ ಪಟಾಕಿ ನುಗ್ಗಲಿಲ್ಲ. ಒಬ್ಬನೇ ಒಬ್ಬ ಸಣ್ಣ ಸೈನಿಕನನ್ನು ಮುಂದೆ ತಳ್ಳಿ, ಹಾಕುತ್ತಾರೋ ನೋಡೋಣ ಎಂದು ಕಾದ. ಅತ್ತಿಗೆ ಪೆಟ್ಟು ತಿಂದರು, ಹೆಬ್ಬೆರಳು ಅಲುಗಲಿಲ್ಲ. ಮುಂದಿನ ಸರದಿಗೂ ಒಬ್ಬ. ಅದರ ಮುಂದಿನದಕ್ಕೆ ಆ ಒಬ್ಬ ಸೈನಿಕನೂ ಇಲ್ಲ. ಅಷ್ಟರಲ್ಲಿ ಅತ್ತಿಗೆಯ ಗೋಡೆಗಳು ಬಂದವು. ಒಂದು ಬಾವಿ ಬಂತು. ಸರದಿಗಿಷ್ಟು ಪ್ರಾಣ ಮರಳತೊಡಗಿತು.

ಆಗ ನನ್ನ ದಡ್ಡ ತಲೆಗೆ ಹೊಳೆಯಿತು. ಪಟಾಕಿಯ ಕಟ್ಟು ಓಡುವ ಕಟ್ಟು, ನಿಂತರೆ ಅದಕ್ಕೆ ಉಸಿರಿಲ್ಲ. ಹೆಬ್ಬಾಗಿಲು ಕೈಯಲ್ಲಿದೆ ಎಂದು ಗೊತ್ತಾದದ್ದೇ ಅವನ ಕಾಲಿಗೆ ಹಗ್ಗವಾಗಿತ್ತು. ಕಾರ್ಡನ್ನು ಮೇಜಿಗೆ ಹಾಕದೆಯೇ ಅತ್ತಿಗೆ ಅದನ್ನು ಪ್ರತಿ ಸರದಿಯಲ್ಲೂ ಆಡುತ್ತಿದ್ದರು. ಕಾಯುವುದರಲ್ಲಿ ನಮ್ಮ ಅತ್ತಿಗೆಯ ಜೊತೆ ಪೈಪೋಟಿಗೆ ಇಳಿದ ಪಾಪ ಆ ಪಟಾಕಿ!

ಅವನ ಹಣೆ ಬೆವರಿತು. ಕಾಲು ಕುಣಿಯತೊಡಗಿತು, ಮೇಜು ನಡುಗಿತು. "ಮೇಜು ಅಲ್ಲಾಡಿಸ್ಬೇಡ ಮರಿ, ಅದರ ಕಾಲು ನಮ್ಮ ಮೈದುನ ಕೂರಿಸಿದ್ದು, ಗಟ್ಟಿ ಇದೆ, ಆದ್ರೂ" ಎಂದರು ಅತ್ತಿಗೆ. ಹಾಲೆಲ್ಲ ನಕ್ಕಿತು.

ಆ ನಗು ಅವನನ್ನು ಕೆಡಿಸಿತು. "ಸುಮ್ನೆ ಹೆದರಿಸ್ತಾ ಇದ್ದೀರಿ ನೀವು! ನಿಜವಾಗ್ಲೂ ಇದ್ದಿದ್ರೆ ಹಿಂಗೆ ಎಲ್ಲರಿಗೂ ತೋರಿಸ್ಕೊಂಡು ಕೂರ್ತಿರ್ಲಿಲ್ಲ!" ಎಂದು ಇದ್ದ ಸೈನ್ಯವನ್ನೆಲ್ಲ, ಬೆಂಕಿಹಕ್ಕಿಯನ್ನೂ ಸೇರಿಸಿ, ಎರಡೂ ಕೈಯಿಂದ ಮುಂದಕ್ಕೆ ತಳ್ಳಿದ.

ಅತ್ತಿಗೆ ಹೆಬ್ಬೆರಳು ಎತ್ತಿದರು. ಕಾರ್ಡನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು. ಹೆಬ್ಬಾಗಿಲು.

"ಇದೆ ಅಂತ ಹೇಳಿದ್ನಲ್ಲ. ಯಾಕೆ ನಂಬ್ಲಿಲ್ಲ?" ಎಂದರು.

ಅದೊಂದು ಮಾತಿಗೆ ನಾನು ಕೂಗಿಯೇ ಕೂಗಿದೆ. ಆಟ ಮುಗಿದಿತ್ತು, ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಅತ್ತಿಗೆ ಗೆಲುವಿನ ಕಡೆ ತಿರುಗಿಯೂ ನೋಡಲಿಲ್ಲ. "ಜಡ್ಜಮ್ಮ, ನಿಮ್ಮ ಕೆಲಸ ಬಾಕಿ ಇದೆ" ಎಂದು ಕಾರ್ಡನ್ನು ಅವರತ್ತ ಸರಿಸಿದರು.

ಜಡ್ಜಮ್ಮ ಅದನ್ನು ದೀಪಕ್ಕೆ ಓರೆಯಾಗಿ ಹಿಡಿದರು. ಹೊಸ ಕವರಿನ ಕೆಳಗಿನ ಅಂಚಿನಲ್ಲಿ ಸಣ್ಣ, ಬಾಗಿದ ತಗ್ಗು. ಹಳೆಯ ಕವರೊಂದನ್ನು ಅದರ ಪಕ್ಕ ಇಟ್ಟರು. ಪಟಾಕಿಯನ್ನು ಕರೆದು ತೋರಿಸಿದರು. ಉಳಿದ ಕಾರ್ಡುಗಳನ್ನೂ ಒಂದೊಂದಾಗಿ ನೋಡಿದರು, ಎಲ್ಲೂ ಇಲ್ಲ. ಆಮೇಲೆ ಹಾಲಿಗೆಲ್ಲ ಕೇಳುವಂತೆ ಹೇಳಿದರು: "ಬೇಕಂತ ಮಾಡಿದ್ದಲ್ಲ. ಎರಡನೇ ಆಟದ ಸೋಲು ಸೋಲೇ. ಪಂದ್ಯ ಇವರದು. ಇನ್ಮೇಲೆ ಪ್ರತಿ ಸುತ್ತಿಗೂ ಕವರ್ ಬದಲಾಯಿಸ್ಬೇಕು."

"ಹರಿಯದಿದ್ರೂನಾ?" ಎಂದರು ಅತ್ತಿಗೆ.

"ಹರಿಯದಿದ್ರೂ!"

ಫೈನಲ್ ಆಟದಲ್ಲಿ ಅತ್ತಿಗೆ ಸೋತರು. ಮುಚ್ಚಿಡುವುದಿಲ್ಲ. ಎದುರಿಗೆ ಬಂದವರು ಗ್ರಂಥಾಲಯದಲ್ಲಿ ಕೆಲಸ ಮಾಡುವ ಒಬ್ಬ ಮುದುಕರು. ಅವರ ಕಟ್ಟು ಅತ್ತಿಗೆಯದಕ್ಕಿಂತ ನಿಧಾನ. ಇಬ್ಬರೂ ಕಾದರು, ಕಾದರು, ನೋಡುವವರು ಆಕಳಿಸಿದರು. ಕೊನೆಗೆ ಅವರು ಒಂದು ಸರದಿ ಹೆಚ್ಚು ಕಾದು ಗೆದ್ದರು. ದೊಡ್ಡ ನಗರದ ಕುರ್ಚಿ ಅವರಿಗೆ ಹೋಯಿತು. ನನಗೆ ಮೈ ಉರಿಯಿತು. ಅತ್ತಿಗೆ ಮಾತ್ರ ದಾರಿಯುದ್ದಕ್ಕೂ, "ಎಂಥ ಕಟ್ಟು ರೀ ಅದು! ಎಲ್ಲೂ ಒಂದು ಸುಕ್ಕಿಲ್ಲ" ಎಂದು ಅಣ್ಣನಿಗೆ ಹೇಳುತ್ತಾ ಬಂದರು. ಸೋತದ್ದು ಆಟದಲ್ಲಿ. ಬೀದಿಯಲ್ಲಿ ಈಗಲೂ ಮೂಗು ಮುರಿಯುವವರು ಈ ಒಂದು ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಪಟಾಕಿ ಕ್ಷಮೆ ಕೇಳಲಿಲ್ಲ. ಕೇಳಲಿ ಎಂದು ಅತ್ತಿಗೆ ಕಾಯಲೂ ಇಲ್ಲ. ಅವರು ಕಾಯದೆ ಬಿಟ್ಟದ್ದು ಅದೊಂದೇ ಇರಬೇಕು.

ಮುಂದಿನ ವಾರದ ಕೊನೆಗೆ ಅತ್ತಿಗೆ ಮತ್ತೆ ಹೊರಟರು. ನಾನೂ ಹೋದೆ, ಯಾರಾದರೂ ಬಾಯಿ ಬಿಡಲಿ ಎಂದೇ ಹೋದೆ. ಕನ್ನಡಕ ಬಾಗಿಲಲ್ಲೇ ಎದುರಾದ. ಅವನ ಕೈಯಲ್ಲಿ ರಬ್ಬರಿನ ಸಣ್ಣ ಟೋಪಿಯಂಥದ್ದೊಂದು ಇತ್ತು, ನೋಟು ಎಣಿಸುವವರು ಬೆರಳಿಗೆ ಹಾಕಿಕೊಳ್ಳುವಂಥದ್ದು.

"ಅಮ್ಮಾ, ತಪ್ಪು ತಿಳೀಬೇಡಿ. ಆಡುವಾಗ ಇದನ್ನ ಹೆಬ್ಬೆರಳಿಗೆ ಹಾಕ್ಕೊಂಡುಬಿಡಿ. ಕವರಿಗೆ ಗುರುತೂ ಬೀಳಲ್ಲ, ನಾಲ್ಕು ಜನ ಮಾತಾಡೋದೂ ತಪ್ಪುತ್ತೆ."

ಅತ್ತಿಗೆ ಅದನ್ನು ತೆಗೆದುಕೊಂಡು ಹಿಂದೆ ಮುಂದೆ ನೋಡಿ, ಅವನ ಅಂಗಿಯ ಜೇಬಿಗೇ ಹಾಕಿದರು.

"ಕವರ್ ತಾನೆ? ಸುತ್ತಿಗೊಂದು ಹಾಕ್ತೀನಿ, ನಿಯಮ ನಿಯಮವೇ. ಬೆರಳಿನ ಸುದ್ದಿಗೆ ಬರ್ಬೇಡ. ನಿನ್ನ ಬೆಂಚು ಹೊಲಿಯುವಾಗ ಇದಕ್ಕೆ ಟೋಪಿ ಹಾಕು ಅಂದಿದ್ಯಾ?"

ಪಟಾಕಿ ಆಗಲೇ ಒಳಗೆ ಮೇಜಿನ ಆಚೆ ಕೂತು ತನ್ನ ಕಟ್ಟು ಕಲೆಸುತ್ತಿದ್ದ. ಅತ್ತಿಗೆಯನ್ನು ಕಂಡು ಕೈ ನಿಲ್ಲಿಸಿದ. ಬೇರೆ ಮೇಜುಗಳು ಖಾಲಿ ಇದ್ದವು. ಅತ್ತಿಗೆ ನೇರ ಅವನ ಎದುರಿಗೇ ಹೋದರು. ಬೆಂಚಿನ ಹೊದಿಕೆಯನ್ನು ಅಂಗೈಯಿಂದ ಒಮ್ಮೆ ಸವರಿ ಕೂತರು. ಹೊಸ ಕವರಿನ ಪೊಟ್ಟಣವನ್ನು ಅವನ ಕಣ್ಣೆದುರೇ ಹಲ್ಲಿನಿಂದ ಹರಿದು, ಕಾರ್ಡುಗಳಿಗೆ ಹಾಕಿ, ತಮ್ಮ ಕಟ್ಟನ್ನು ಅವನತ್ತ ಸರಿಸಿದರು.

"ಹೂಂ, ಕಲೆಸು" ಎಂದರು.